ಕರಟದ ಆರು ಚೂರು

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಯಶೋಧಾ ಐದನೆಯ ಸಲ ಗಿಟಾರಿನ ಹೊಟ್ಟೆಯ ಮೇಲೆ ಹರಡಿದಳು. ತಂತಿಗಳ ತುದಿ ಹಿಡಿದುಕೊಳ್ಳುವ ಮರದ ಕುದುರೆ ಅರ್ಧ ಎದ್ದು ನಿಂತಿತ್ತು, ಉಳಿದರ್ಧ ಬಿಡಲೊಲ್ಲದು. ಮಸೆದು ಮಸೆದು ಕಾಗದದಷ್ಟು ತೆಳುವಾಗಿಸಿದ ಹಳೆಯ ದೋಸೆ ಸಟ್ಟುಗವನ್ನು ಅದರಡಿ ತೂರಿಸಿ ಮೆಲ್ಲಗೆ ಒತ್ತಿದಳು. ಏನೋ ಸಡಿಲಾಯಿತು. ಬೆರಳಿಗೆ ಗೊತ್ತಾದ ಮೇಲೆ ಕಿವಿಗೆ ಕೇಳಿಸಿತು. ಕುದುರೆ ಇಡಿಯಾಗಿ ಅವಳ ಅಂಗೈಗೆ ಬಂತು.

ಎರಡು ವರ್ಷದ ಹಿಂದೆ ಮಗಳು ತ್ರಿಶಾಳ ಗಿಟಾರು ಹಾಸನದ ಬಸ್ಸಿನಲ್ಲಿ ಕತ್ತು ಮುರಿದುಕೊಂಡಿತ್ತು. ಅದನ್ನು ಕೂಡಿಸಿದ್ದೇ ಶುರು. ಬಡಗಿ ಕಲ್ಲೇಶಪ್ಪನ ಕೈಯಿಂದ ಉಳಿ, ಅರ, ಸಣ್ಣ ಗರಗಸ ಒಂದೊಂದಾಗಿ ಬಸ್ತಿಹಳ್ಳಿಯ ಈ ಮನೆಯ ಅಡುಗೆಮನೆ ಪಕ್ಕದ ಪಡಸಾಲೆಗೆ ಬಂದವು. ಅತ್ತೆ ಅನುಸೂಯಮ್ಮ ಹಾಕಿದ್ದು ಒಂದೇ ಷರತ್ತು: ಚರ್ಮ, ಮೂಳೆ ಸೇರಿದ್ದು ಯಾವುದೂ ಒಳಗೆ ಬರಕೂಡದು. ಬಂದರೆ ಆ ದಿನವೇ ಉಳಿಗಳೆಲ್ಲ ಅಟ್ಟಕ್ಕೆ. "ಮರ, ತಂತಿ, ಅಷ್ಟೇ ಅತ್ತೆ" ಎಂದು ಯಶೋಧಾ ಮಾತು ಕೊಟ್ಟಿದ್ದಳು. ಹಾಗೆಂದೇ ನಂಬಿದ್ದಳು ಕೂಡ.

ಈ ಗಿಟಾರು ಅರಸೀಕೆರೆಯ ರೈಲ್ವೆ ಗುಮಾಸ್ತ ದೇವರಾಜನದು. ಹಾಸನದ ಅಂಗಡಿಯವರು ಒಲೆಗೆ ಹಾಕಿ ಎಂದಿದ್ದರಂತೆ. ಭಾನುವಾರ ಸಂಜೆ ಗಣಪತಿ ಪೆಂಡಾಲಿನಲ್ಲಿ ಅವನ ಆರ್ಕೆಸ್ಟ್ರಾ ಇತ್ತು. ಹನ್ನೊಂದರ ಬಸ್ಸಿಗೆ ಬಂದು ಒಯ್ಯುವವನಿದ್ದ. ಸರಿಹೋದರೆ ತಂಡದ ಇನ್ನೂ ಮೂರು ಗಿಟಾರು ತರುತ್ತೇನೆಂದಿದ್ದ. ಮೂರು! ಆ ಸಂಖ್ಯೆಯನ್ನು ಅವಳು ಅಕ್ಕಿ ಆರಿಸುವಾಗಲೂ ಹೇಳಿಕೊಳ್ಳುತ್ತಿದ್ದಳು.

ಆಗ ವಾಸನೆ ಬಂತು. ಕುದುರೆಯ ಅಡಿಯಲ್ಲಿ ಕಂದು ಬಣ್ಣದ ಅಂಟು ಬೆಲ್ಲದ ಪಾಕದಂತೆ ಕರಗಿತ್ತು. ಹಿಂದೆ ಚರ್ಮ, ಮೂಳೆ ಬೇಯಿಸಿ ಇಂಥ ಅಂಟು ಮಾಡುತ್ತಿದ್ದರೆಂದು ಕಲ್ಲೇಶಪ್ಪ ಎಂದೋ ಹೇಳಿದ್ದು ಈಗ ನೆನಪಾಯಿತು. ಬಟ್ಟೆ ಅದ್ದಿದ್ದ ನೀರಿನಲ್ಲೂ ಅದೇ ಕಂದು. ಆ ನೀರಿದ್ದದ್ದು ಸಾರಿನ ಪಾತ್ರೆಯಲ್ಲಿ.

"ಏನೇ ಅದು ನಾತ?" ಅನುಸೂಯಮ್ಮ ಬಾಗಿಲಲ್ಲಿ ನಿಂತಿದ್ದರು. ಜೈನರ ದಶಲಕ್ಷಣ ಪರ್ವದ ದಿನಗಳು. ಅವರದು ಒಪ್ಪೊತ್ತಿನ ಊಟ, ಅದೂ ಉಪ್ಪಿಲ್ಲದ್ದು.

ಇಲಿ ಸತ್ತಿರಬೇಕು ಎನ್ನಬಹುದಿತ್ತು. "ಹಳೇ ಅಂಟು ಅತ್ತೆ. ಚರ್ಮದ್ದು. ನಂಗೂ ಈಗ್ಲೇ ಗೊತ್ತಾಗಿದ್ದು."

ಅನುಸೂಯಮ್ಮ ಪಾತ್ರೆಯನ್ನು ನೋಡಿದರು, ಗಿಟಾರನ್ನು ನೋಡಿದರು. "ಎರಡೂ ಹೊರಗೆ."

ಊಟಕ್ಕೆ ಬಂದ ಚಂದ್ರನಾಥ ಹೆಂಡತಿ ಸಾಮಾನು ಹೊರುವುದನ್ನು ಕಂಡು ಚಪ್ಪಲಿ ಬಿಡುತ್ತಾ ಕೇಳಿದ, "ಅಮ್ಮ, ಪಾತ್ರೆ ಹೊರಗೆ, ಗಿಟಾರು ಹೊರಗೆ. ಇವಳೂ ಹೊರಗೇನಾ? ಹಂಗಾದ್ರೆ ನಂಗೆ ಬಡಿಸೋರ್ಯಾರು?"

"ನಿಂಗೆ ಕೈ ಇಲ್ವೇನೋ," ಎಂದರು ಅನುಸೂಯಮ್ಮ.

ಅಂಗಳದಾಚೆಯ ಕೊಬ್ಬರಿ ಕೋಣೆಯಲ್ಲಿ ಯಶೋಧಾ ಎರಡು ದಿನ ಕೆಲಸ ಮಾಡಿದಳು. ಪಡಸಾಲೆಗಿಂತ ಇಲ್ಲೇ ಬೆಳಕು ಚೆನ್ನಾಗಿತ್ತು. ಹಳೆಯ ಅಂಟನ್ನು ಕೊನೆಯ ಕಣದವರೆಗೆ ಕೆರೆದು, ಡಬ್ಬಿಯ ಬಿಳಿ ಅಂಟು ಬಳಿದು, ಕುದುರೆಯನ್ನು ಬಿಗಿದಿಟ್ಟಳು. ಅತ್ತೆ ಉಳಿಗಳು ಅಟ್ಟಕ್ಕೆ ಹೋಗುವುದೋ ಇಲ್ಲವೋ ಎಂಬುದನ್ನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬಿಗಿತ ಬಿಚ್ಚಿದಾಗ ಕುದುರೆ ಮರದಲ್ಲೇ ಬೆಳೆದಂತೆ ಕೂತಿತ್ತು. ಯಶೋಧಾಳಿಗೆ ಕೂಗಿ ಹೇಳಬೇಕೆನಿಸಿತು. ತಿರುಗಿದರೆ ಹೊಸ್ತಿಲಾಚೆ ಅನುಸೂಯಮ್ಮ.

"ಈಗ ಅದರಲ್ಲಿ ಏನೂ ಇಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದಳು. ಕುದುರೆಯ ಸೀಳಿನಲ್ಲಿ ಕೂತಿದ್ದ, ತಂತಿಗಳು ಒರಗುವ ಸಣ್ಣ ಬಿಳಿ ಪಟ್ಟಿ ಕಣ್ಣಿಗೆ ಬಿತ್ತು. ಅತ್ತೆಗೆ ಅದು ಗೊತ್ತಾಗುವ ಮಾತೇ ಇರಲಿಲ್ಲ. "ಇದೊಂದು ಐತೆ ಅತ್ತೆ. ಇದು ಮೂಳೆ."

ಅನುಸೂಯಮ್ಮ ಹೊರಟೇ ಹೋದರು. ಮುಗಿಯಿತು ಎಂದುಕೊಂಡು ಯಶೋಧಾ ಉಳಿಗಳನ್ನು ಒರೆಸತೊಡಗಿದಳು. ಮೂರನೆಯದನ್ನು ಒರೆಸುವಷ್ಟರಲ್ಲಿ ಅವರು ತಿರುಗಿ ಬಂದರು. ಕೈಯಲ್ಲಿ ಉಪ್ಪಿನ ಡಬ್ಬಿಯ ಕರಟ. ಅವರು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಉಪ್ಪು ಅಳೆದು ಅಳೆದು ಕರ್ರಗೆ ಮಿರುಗುತ್ತಿತ್ತು.

"ಕಲ್ಲಿನಂಗೆ ಐತೆ. ಮೂಳೆ ಬದ್ಲು ಇದಾಗಕಿಲ್ವಾ?"

"ಇದು ನಿಮ್ಮ..."

"ಉಪ್ಪು ಬಿಟ್ಟೀನಲ್ಲೇ. ತಗಾ."

ಆಗಲೇ ಹತ್ತೂಕಾಲು. ಕರಟದಲ್ಲಿ ಪಟ್ಟಿಯೊಂದನ್ನು ಕೊಯ್ದು ಅರದಿಂದ ಉಜ್ಜಿದಳು. ಮೂಳೆಯ ಪಟ್ಟಿ ನೇರ, ಕರಟಕ್ಕೆ ಹುಟ್ಟು ಬಾಗು. ಕುದುರೆಯ ಸೀಳಿನಲ್ಲಿ ಕೂರಿಸಲು ಒತ್ತಿದ್ದೇ ತಡ, ಟಕ್ಕೆಂದು ಮುರಿಯಿತು. ಎರಡನೆಯದೂ ಹಾಗೇ. ಉಳಿದದ್ದು ಅಂಗೈಯಗಲ. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು.

"ಯಶೋಧಕ್ಕ, ಬದುಕೈತಾ ನಮ್ಮ ಹುಡುಗಿ?" ದೇವರಾಜ ಅಂಗಳದಿಂದಲೇ ಕೇಳಿದ.

ಯಶೋಧಾ ಮುರಿದ ಚೂರುಗಳನ್ನು ನೋಡುತ್ತಿದ್ದಳು. ಚಿಕ್ಕ ಚೂರಿನಲ್ಲಿ ಬಾಗೇ ಕಾಣುತ್ತಿರಲಿಲ್ಲ. ಇಡೀ ಪಟ್ಟಿ ಯಾಕೆ ಬೇಕು? ತಂತಿ ಆರು. ಆರು ಚೂರು ಸಾಕು.

"ಹತ್ತು ನಿಮಿಷ ಕೂತ್ಕೊಳ್ಳಿ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿತ್ತು.

ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಒಂದೊಂದು ಚೂರನ್ನೂ ಕಾಳಿನಂತೆ ಉಜ್ಜಿ, ಅಳೆದು, ಸಾಲಾಗಿ ಕೂರಿಸಿದಳು. ದೇವರಾಜ ಎರಡು ಲೋಟ ಮಜ್ಜಿಗೆ ಕುಡಿದು ಮುಗಿಸಿದ. ಯಶೋಧಾ ತಂತಿ ಏರಿಸಿದಳು. ಕುದುರೆ ಕದಲಲಿಲ್ಲ. ಚೂರುಗಳು ಕದಲಲಿಲ್ಲ. ದೇವರಾಜ ಬೆರಳಾಡಿಸಿದ, ನಿಲ್ಲಿಸಿದ, ಮತ್ತೆ ಆಡಿಸಿದ.

"ಏನ್ ಮಾಡಿದ್ರಿ ಅಕ್ಕ? ಇದು ಮೊದ್ಲು ಗೊಣಗ್ತಿತ್ತು. ಈಗ ಮಾತಾಡ್ತೈತೆ."

ಯಶೋಧಾ ಹೊರಗೆ ನೋಡಿದಳು. ಅತ್ತೆ ತುಳಸಿಕಟ್ಟೆಯಿಲ್ಲದ ಆ ಅಂಗಳದ ನಡುವೆ, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವನು ಹೊರಟಾಗ ಅವರೇ ತಡೆದು ಹೇಳಿದರು, "ಆ ಮೂರು ತಂದಾಗ ಅಂಗಳದಲ್ಲಿಟ್ಟು ನನ್ನನ್ನ ಕೂಗಪ್ಪ. ನಾನು ನೋಡಿದ ಮೇಲೇ ಒಳಕ್ಕೆ."

"ಆಗ್ಲಮ್ಮ," ಎಂದ ದೇವರಾಜ, ಏನೊಂದೂ ಅರ್ಥವಾಗದೆ.

ಯಶೋಧಾ ಕೈ ತೊಳೆದು ಸಾರಿಗಿಟ್ಟಳು. ಡಬ್ಬಿಯೊಳಗೆ ಕರಟಕ್ಕಾಗಿ ತಡಕಿದ ಕೈ ಬರಿದೇ ಉಪ್ಪಿಗೆ ತಾಗಿತು. ಬೆರಳಲ್ಲೇ ತೆಗೆದು ಹಾಕಿದಳು. ಉಗುರಿನ ಸಂದಿಯಲ್ಲಿ ಉಳಿದಿದ್ದ ಕರಟದ ಕಂದು ಪುಡಿ ಬಿಳಿ ಉಪ್ಪಿನ ಮೇಲೆ ಒಂದಿಷ್ಟು ಉದುರಿತ್ತು. ಅದನ್ನು ಊದಲಿಲ್ಲ. ಹಾಗೇ ಮುಚ್ಚಳ ಹಾಕಿದಳು.