ಕೆಳಗಿನ ಮನೆಯವರು ಏನಂದುಕೊಳ್ಳುತ್ತಾರೆ

ಹತ್ತು ನಿಮಿಷದಿಂದ ಲಿಗಾಯಾ ಆ ಮನೆ ಬ್ರೋಕರ್ ಹುಡುಗನ ಜೊತೆ ಮಾತಾಡಿದ್ದೆಲ್ಲ ಜಪಾನಿ ಭಾಷೆಯಲ್ಲೇ. ಆದರೂ ಅವನು ಮನೆಯ ಒಡತಿಗೆ ಫೋನ್ ಹಚ್ಚಿದ ಕೂಡಲೇ, ಎದುರಿನ ಕುರ್ಚಿಯಲ್ಲಿ ಯಾರೋ ಮರೆತು ಬಿಟ್ಟುಹೋದ ಚೀಲವಿದೆಯೇನೋ ಎಂಬಂತೆ ಮಾತಾಡತೊಡಗಿದ.

"ಹೌದಮ್ಮಾ, ಹೊರದೇಶದವರು. ಇಂಗ್ಲಿಷ್ ಟೀಚರಂತೆ... ಅಲ್ಲ, ಅಮೆರಿಕಾ ಅಲ್ಲ. ಫಿಲಿಪೀನ್ಸ್... ಹ್ಞಾ, ಹೆಂಗಸು... ರಾತ್ರಿ ಕೆಲಸನಾ? ಇಲ್ಲ ಅನ್ಸುತ್ತೆ, ಸ್ಕೂಲು ಅಂತಿದಾರೆ... ಸರಿ. ಸರಿ. ಅರ್ಥ ಆಯ್ತು."

ಫೋನ್ ಇಟ್ಟು, ಟೈ ನೇರ ಮಾಡಿಕೊಂಡು, ಮಿಜೊಗುಚಿ ಎಂಬ ಆ ಹುಡುಗ ಆಳವಾಗಿ ತಲೆ ಬಾಗಿಸಿದ. ಆ ಮನೆ ಈಗಷ್ಟೇ ಬೇರೆಯವರ ಪಾಲಾಗಿಬಿಟ್ಟಿದೆ, ದಯವಿಟ್ಟು ಕ್ಷಮಿಸಬೇಕು ಎಂದ. ಅವನ ದನಿಯಲ್ಲಿ ನಿಜವಾದ ಸಂಕಟವೇ ಇತ್ತು. ಲಿಗಾಯಾಗೆ ಮೈ ಉರಿದದ್ದು ಆ ಸಂಕಟ ಕಂಡೇ. ರಾತ್ರಿ ಕೆಲಸವೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅವಳ ದೇಶದ ಹೆಂಗಸೆಂದರೆ ಇಲ್ಲಿನ ಮುದುಕಿಯರಿಗೆ ಮೊದಲು ನೆನಪಾಗುವುದು ಬಾರಿನ ಕೆಂಪು ದೀಪ. ತನ್ನೂರು ಬತಾಂಗಾಸ್‌ನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವ್ಯಾಕರಣ ಕಲಿಸಿ, ಸಂಜೆ ತರಗತಿಗಳಲ್ಲಿ ನಿದ್ದೆಗಣ್ಣಿನಲ್ಲೇ ಜಪಾನಿ ಕಲಿತು ಬಂದವಳು ಅವಳು. ಅದನ್ನೆಲ್ಲ ಹೇಳಬೇಕೆಂದು ಬಾಯಿತನಕ ಬಂತು. ಹೇಳದೆ ಎದ್ದು ಬಂದಳು. ಬೀದಿ ತಿರುವಿಗೆ ಬರುವಷ್ಟರಲ್ಲಿ, ಯಾಕೆ ಹೇಳಲಿಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಅದು ಜಪಾನಿನ ಒಳಸಮುದ್ರದ ದಂಡೆಯಲ್ಲಿ ಹಡಗು ಕಟ್ಟುವ ಊರು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವಳು ಬಂದಿಳಿದಿದ್ದಳು. ಟೀಚರುಗಳನ್ನು ಕರೆಸಿ ಶಾಲೆಗಳಿಗೆ ಹಂಚುವ ಕಂಪನಿ ಅವಳನ್ನು ಸ್ಟೇಷನ್ ಹತ್ತಿರದ ಒಂದು ತಾತ್ಕಾಲಿಕ ಕೋಣೆಯಲ್ಲಿ ಇಳಿಸಿತ್ತು. ವರ್ಷದ ಕೊನೆಯೊಳಗೆ ಸ್ವಂತ ವ್ಯವಸ್ಥೆ ಮಾಡಿಕೊಳ್ಳಬೇಕು, ಮನೆ ಹುಡುಕಲು ನೆರವಾಗುತ್ತೇವೆ ಎಂದು ಮಾತು ಕೊಟ್ಟಿತ್ತು. ಆ ನೆರವೆಂದರೆ ಮಿಜೊಗುಚಿಯ ಫೋನ್ ನಂಬರ್ ಎಂದು ಅವಳಿಗೆ ತಿಳಿದದ್ದು ಆಮೇಲೆ. ತನ್ನೊಬ್ಬಳಿಗೇ ಆಗಿದ್ದರೆ ಯಾವ ಗೂಡಾದರೂ ಸಾಕಿತ್ತು. ಊರಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದಿದ್ದ ಮಗಳು ತಾಲಾಳನ್ನು ಕರೆಸಿಕೊಳ್ಳಬೇಕಾಗಿತ್ತು. ಅದಕ್ಕೆ ಎರಡು ಕೋಣೆಯ ಮನೆ ಬೇಕು. ಈಗ ಕೈತಪ್ಪಿದ ಮನೆ ಮಹಡಿಯ ಮೇಲಿತ್ತು. ಹೊರಗಿನಿಂದ ನಾಲ್ಕಾರು ಸಲ ನೋಡಿಕೊಂಡು ಬಂದಿದ್ದಳು. ಕಿಟಕಿಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪ್ರಾಥಮಿಕ ಶಾಲೆಯ ಆಟದ ಬಯಲು. ಯಾವ ಕೋಣೆಯಲ್ಲಿ ಮಗಳ ಹಾಸಿಗೆ ಎಂಬುದೂ ಮನಸ್ಸಿನಲ್ಲೇ ತೀರ್ಮಾನವಾಗಿಹೋಗಿತ್ತು.

ಶಾಲೆಯಲ್ಲಿ ಉಪಮುಖ್ಯೋಪಾಧ್ಯಾಯ ತೊಯಾಮಾ ಅವಳ ಸಪ್ಪೆ ಮುಖ ನೋಡಿ ಕರೆದು ಕೂರಿಸಿದರು, ಹಸಿರು ಚಹಾ ತರಿಸಿದರು. ಈ ಶಾಲೆಯಲ್ಲಿ ಎಲ್ಲರೂ ಒಂದೇ ಮನೆಯವರಿದ್ದಂತೆ, ಏನು ಬೇಕಿದ್ದರೂ ಕೇಳಿ ಎಂದರು. ಆ ಮಾತು ನಂಬಿ ಲಿಗಾಯಾ ಕೇಳಿಯೇಬಿಟ್ಟಳು: ಯಾವ ಮನೆಗೆ ಹೋದರೂ ಜಪಾನಿನ ಒಬ್ಬರ ಜಾಮೀನು ಕೇಳುತ್ತಾರೆ, ತಾವು ನಿಲ್ಲುತ್ತೀರಾ? ತೊಯಾಮಾ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. "ಅದು... ಸ್ವಲ್ಪ ಕಷ್ಟ," ಎಂದರು. ಆ ಮಾತಿಗೆ ಅಲ್ಲಿ ಒಂದೇ ಅರ್ಥ: ಆಗುವುದಿಲ್ಲ. ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಅವಳು ಮುಂದಿನ ತರಗತಿಗೆ ಹೋದಳು.

ಪಕ್ಕದ ಕೋಣೆಯಲ್ಲಿದ್ದವನು ಗ್ರೇಡಿ. ಅಮೆರಿಕಾದ ಒಹಾಯೊದಿಂದ ಬಂದ ಇಪ್ಪತ್ತಮೂರರ ಹುಡುಗ. ಅವನಿಗೂ ಅದೇ ಕಂಪನಿ, ಅದೇ ಗಡುವು. ಕಾಲೇಜು ಮುಗಿಸಿ ಏನು ಮಾಡುವುದೆಂದು ತೋಚದೆ ಬಂದವನು. ಜಪಾನಿಯಲ್ಲಿ ನಮಸ್ಕಾರ, ಥ್ಯಾಂಕ್ಸ್, ಬಿಯರು, ಇಷ್ಟು ಹೇಳಲು ಬರುತ್ತಿತ್ತು. ಕೆಟ್ಟವನಲ್ಲ. ಅವಳು ತನ್ನೂರಿನ ಅಡೋಬೋ ಮಾಂಸದಡುಗೆ ಮಾಡಿದ ದಿನ ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಿದ್ದ, ತಿಂದ ಪಾತ್ರೆಯನ್ನೆಲ್ಲ ತೊಳೆದುಕೊಟ್ಟು ಹೋಗುತ್ತಿದ್ದ. ಒಂದು ಶನಿವಾರ ಬಂದು, ಮನೆ ನೋಡಲು ಹೋಗಬೇಕು, ಜೊತೆಗೆ ಬಂದು ನನ್ನ ಪರವಾಗಿ ಮಾತಾಡಿಕೊಡಿ ಎಂದು ಗೋಗರೆದ. ಬ್ರೋಕರ್ ಯಾರೆಂದು ಕೇಳಿದಳು. ಮಿಜೊಗುಚಿ. ಬರುವುದಿಲ್ಲ ಎನ್ನಲು ಬಾಯಿ ತೆರೆದವಳು, ಸರಿ ನಡಿ ಎಂದಳು. ನೋಡಿಯೇಬಿಡಬೇಕು ಎನ್ನಿಸಿತ್ತು.

ಅವಳನ್ನು ಕಂಡು ಮಿಜೊಗುಚಿಯ ಕಿವಿ ಕೆಂಪಾದವು. ಆದರೂ ಕೆಲಸ ಕೆಲಸವೇ. ಫೋನ್ ಎತ್ತಿದ. ಅಮೆರಿಕಾದವರು, ಟೀಚರ್, ಚಿಕ್ಕ ವಯಸ್ಸು, ಒಳ್ಳೇ ಎತ್ತರ ಎಂದೆಲ್ಲ ಹೇಳಿದ. ಭಾಷೆ ಬರುವುದಿಲ್ಲ, ಆದರೆ ಮಾತಾಡಿಸಲು ಒಬ್ಬ ಹೆಂಗಸನ್ನು ಕರೆತಂದಿದ್ದಾರೆ ಎಂದ. ಈ ಸಲ ರಾತ್ರಿ ಕೆಲಸದ ಮಾತು ಬರಲಿಲ್ಲ. ಅರ್ಧ ಗಂಟೆಯಲ್ಲಿ ಅವರು ಮೂವರೂ ಅದೇ ಮಹಡಿ ಮನೆಯ ಮೆಟ್ಟಿಲ ಬಳಿ ನಿಂತಿದ್ದರು. ಬೇರೆಯವರ ಪಾಲಾಗಿದ್ದ ಮನೆ ಖಾಲಿಯಾಗಿಯೇ ಇತ್ತು.

ಒಡತಿ ನಿಶಿಗಾಕಿ ಪಕ್ಕದಲ್ಲೇ ಇರುವವಳು. ಎಪ್ಪತ್ತರ ಆಸುಪಾಸಿನ ಅಚ್ಚುಕಟ್ಟಾದ ಹೆಂಗಸು, ತಿಳಿ ನೇರಳೆ ಬಣ್ಣ ಹಚ್ಚಿದ ಕೂದಲು. ಕೈಯಲ್ಲಿ ತನ್ನ ಹಿತ್ತಿಲ ಕಿತ್ತಳೆ ತುಂಬಿದ ಚೀಲ ಹಿಡಿದು ನಗುತ್ತ ಬಂದು ಗ್ರೇಡಿಯ ಕೈಗಿತ್ತಳು. ಕಸ ಯಾವ ದಿನ ಹಾಕಬೇಕು, ಬಚ್ಚಲ ಕಿಟಕಿ ಹೇಗೆ ತೆರೆದಿಡಬೇಕು ಎಂದು ಒಂದೊಂದಾಗಿ ವಿವರಿಸಿದಳು. ಲಿಗಾಯಾ ಒಂದೊಂದನ್ನೂ ಇಂಗ್ಲಿಷಿನಲ್ಲಿ ದಾಟಿಸಿದಳು. ಮಗಳ ಹಾಸಿಗೆಗೆಂದು ಮನಸ್ಸಿನಲ್ಲಿ ಗೊತ್ತು ಮಾಡಿದ್ದ ಕೋಣೆಯಲ್ಲಿ ನಿಂತು, ನೆಲಕ್ಕೆ ಹಾಸಿದ ಚಾಪೆಯ ಮೇಲೆ ಭಾರದ ಮೇಜು ಎಳೆಯಬಾರದಂತೆ ಎಂದು ಗ್ರೇಡಿಗೆ ಹೇಳಿದಳು. ಅಷ್ಟರಲ್ಲಿ ನಿಶಿಗಾಕಿ ಅವಳ ಕಡೆ ತಿರುಗಿದಳು.

"ನಿಮ್ಮ ಜಪಾನಿ ಎಷ್ಟು ಚೆನ್ನಾಗಿದೆ! ಎಲ್ಲಿ ಕಲಿತ್ರಿ?"

"ಬತಾಂಗಾಸ್‌ನಲ್ಲಿ," ಎಂದಳು ಲಿಗಾಯಾ. "ಹೋದ ತಿಂಗಳು ಈ ಮನೆ ಕೇಳಿದ ಫಿಲಿಪೀನ್ಸ್ ಟೀಚರ್ ನಾನೇ. ಯಾರಿಗೋ ಕೊಟ್ಟಾಯ್ತು ಅಂದ್ರಲ್ಲ, ಅವರೆಲ್ಲಿ?"

ಮಿಜೊಗುಚಿ ಕಿಟಕಿಯ ಚಿಲಕ ಪರೀಕ್ಷಿಸುವವನಂತೆ ಅತ್ತ ಸರಿದ. ನಿಶಿಗಾಕಿಯ ನಗು ಹಾಗೇ ಇತ್ತು, ಕಣ್ಣು ಮಾತ್ರ ಅತ್ತಿತ್ತ ಹೊರಳಿತು.

"ಅಯ್ಯೋ, ನನಗೇನೂ ಇಲ್ಲ ತಾಯೀ. ನಾನು ಯಾರಿಗೂ ಭೇದ ಮಾಡೋಳಲ್ಲ. ಆದ್ರೆ ಕೆಳಗಿನ ಮನೆಯವರು ಏನಂದ್ಕೋತಾರೋ ಅಂತ. ಮಗು ಇರೋ ಮನೆ ಅದು. ಅವರಿಗೆ ಭಯ ಆಗ್ಬಾರ್ದು ನೋಡಿ."

"ಭಯ ಅಂತ ಅವರು ಹೇಳಿದ್ರಾ?"

"ಹೇಳ್ಬೇಕಾ? ಅರ್ಥ ಮಾಡ್ಕೋಬೇಕು."

ಲಿಗಾಯಾ ಚಪ್ಪಲಿ ಮೆಟ್ಟಿದಳು. ಮೆಟ್ಟಿಲಿಳಿದು ನೇರ ಹೋಗಿ ಕೆಳಗಿನ ಮನೆಯ ಗಂಟೆ ಒತ್ತಿದಳು. ಹಿಂದಿನಿಂದ ಮಿಜೊಗುಚಿ ಬೇಡ ಮೇಡಂ, ಬೇಡ ಎಂದು ಪಿಸುಗುಡುತ್ತ ಓಡಿಬಂದ. ಬಾಗಿಲು ತೆರೆಯಿತು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸುತ್ತ ಒಬ್ಬ ತರುಣಿ ನಿಂತಿದ್ದಳು. ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಫುಯುಮಿ ಎಂಬ ನರ್ಸ್.

ತನ್ನ ಹೆಸರು, ಶಾಲೆಯ ಹೆಸರು ಹೇಳಿ, ತಲೆಬಾಗಿ ನಮಸ್ಕರಿಸಿ ಲಿಗಾಯಾ ಕೇಳಿದಳು: "ಮೇಲಿನ ಮನೆಗೆ ನಾನು ಬಂದ್ರೆ ನಿಮಗೆ ಭಯ ಆಗುತ್ತಂತೆ. ಹೌದಾ?"

ಫುಯುಮಿ ಕಕ್ಕಾಬಿಕ್ಕಿಯಾದಳು. ಮೆಟ್ಟಿಲ ಮೇಲಿದ್ದ ಒಡತಿಯನ್ನು ನೋಡಿದಳು, ಬ್ರೋಕರನ್ನು ನೋಡಿದಳು, ಕಿತ್ತಳೆ ಚೀಲ ಹಿಡಿದು ನಿಂತ ಬಿಳಿಯ ಹುಡುಗನನ್ನು ನೋಡಿದಳು. "ನನ್ನನ್ನ ಯಾರೂ ಏನೂ ಕೇಳಿಲ್ಲ," ಎಂದಳು. "ನಾನಿಲ್ಲಿ ಬಂದೇ ಒಂದು ವರ್ಷ ಆಗಿಲ್ಲ. ಗಂಡ ಇಲ್ಲ ಅಂತ ನನಗೂ ಮೊದಲು ಕೊಡಲ್ಲ ಅಂದಿದ್ರು."

ನಿಶಿಗಾಕಿ ಯಾರ ಮುಖವನ್ನೂ ನೋಡದೆ, ಗಾಳಿ ತಣ್ಣಗಾಯಿತು ಎಂದಳು. ತಪ್ಪಾಯಿತು ಎನ್ನಲಿಲ್ಲ, ಮನೆ ಕೊಡುತ್ತೇನೆಂದೂ ಹೇಳಲಿಲ್ಲ. ಸೊಂಟದಿಂದ ಬಾಗಿ ನಮಸ್ಕರಿಸಿ ತನ್ನ ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟು ಮೆತ್ತಗೆ ಹಾಕಿದ ಬಾಗಿಲನ್ನು ಒದೆಯಬೇಕೆಂದು ಲಿಗಾಯಾಗೆ ಅನ್ನಿಸಿತು.

ವಾಪಸು ಬರುವ ದಾರಿಯಲ್ಲಿ ಗ್ರೇಡಿಗೆ ಎಲ್ಲವನ್ನೂ ಹೇಳಿದಳು. ಅವನು ಅಕ್ಷರಶಃ ಬಾಯಿ ಬಿಟ್ಟುಕೊಂಡು ಕೇಳಿದ. ಇದು ಅನ್ಯಾಯ, ಶುದ್ಧ ಅನ್ಯಾಯ ಎಂದ. ಬೆಟ್ಟದ ಇಳಿಜಾರು ಇಳಿದರು. ಆಮೇಲೆ ಅವನು ಮೆಲ್ಲಗೆ ಬಾಯಿ ತೆರೆದ.

"ಒಂದು ಮಾತು. ನಾನು ಬೇಡ ಅಂದ್ರೂ ಆಕೆ ನಿಮಗೇನೂ ಕೊಡಲ್ಲ, ಅಲ್ವಾ?"

"ಕೊಡಲ್ಲ."

"ಮತ್ತೆ ನಾನು ಬಿಟ್ರೆ ಏನು ಬಂತು?"

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವಳ ಸಿಟ್ಟು ನೆತ್ತಿಗೇರಿತು. ನಿಂತಳು. "ತಗೋ. ಸಮುದ್ರ ನೋಡ್ತಾ ಮಲಕ್ಕೋ. ಆದ್ರೆ ಇನ್ಮೇಲೆ ನಿನ್ನ ಮಾತು ನೀನೇ ಆಡ್ಕೋ. ಆಸ್ಪತ್ರೆಗೆ ಹೋದ್ರೂ ನನ್ನ ಬಾಗಿಲು ಬಡೀಬೇಡ." ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಅವಳಿಗೆ ಕರುಣೆ ಬರಲಿಲ್ಲ. ಅಳುವ ಹಕ್ಕನ್ನೂ ಇವನೇ ತೆಗೆದುಕೊಂಡನಲ್ಲ ಎಂದು ಇನ್ನಷ್ಟು ಉರಿಯಿತು. ಗ್ರೇಡಿ ಆ ಮನೆಗೆ ಹೋದ.

ಸೋಮವಾರ ತೊಯಾಮಾ ಕರೆಸಿದರು. ಯಾರೋ ಶಾಲೆಗೆ ಫೋನ್ ಮಾಡಿದ್ದರು. ಊರವರ ಮನೆ ಬಾಗಿಲಿಗೆ ಹೋಗಿ ಗಂಟೆ ಒತ್ತುವುದು ಇಲ್ಲಿನ ರೀತಿಯಲ್ಲ, ಎಲ್ಲರ ಜೊತೆ ಹೊಂದಿಕೊಂಡು ಹೋಗಬೇಕು, ಶಾಲೆಯ ಹೆಸರಿದೆ ಎಂದು ಮೆಲುದನಿಯಲ್ಲಿ ಬುದ್ಧಿ ಹೇಳಿದರು. ಮುಂಚಿನ ಲಿಗಾಯಾ ಆಗಿದ್ದರೆ ತಲೆ ತಗ್ಗಿಸಿ ಕ್ಷಮೆ ಕೇಳುತ್ತಿದ್ದಳು.

"ಸರ್, ಬಾಗಿಲು ಇದ್ದೋರ ಬಾಗಿಲು ಬಡ್ದೆ," ಎಂದಳು. "ನನಗೆ ಬಾಗಿಲೇ ಇಲ್ಲ. ಹೊಂದ್ಕೊಂಡು ಎಲ್ಲಿ ನಿಲ್ಲಲಿ, ಹೇಳಿ."

ತೊಯಾಮಾ ಪೆನ್ನಿನ ಕ್ಯಾಪು ತೆಗೆದರು, ಮತ್ತೆ ಹಾಕಿದರು. ಸ್ಟಾಫ್ ರೂಮಿನಲ್ಲಿ ಎಲ್ಲರ ಬೆನ್ನೂ ಆಲಿಸುತ್ತಿತ್ತು. ಯಾರೂ ತಿರುಗಲಿಲ್ಲ.

ಆ ವಾರದ ಕೊನೆಗೆ ಶಾಲೆಯ ಗೇಟಿನ ಹತ್ತಿರ ಸೈಕಲ್ ಹಿಡಿದು ಫುಯುಮಿ ನಿಂತಿದ್ದಳು, ಹಿಂದಿನ ಸೀಟಿನಲ್ಲಿ ಅರೆನಿದ್ದೆಯ ಮಗು. ಅಂದು ಬಾಗಿಲಲ್ಲಿ ನಿಂತು ಇನ್ನೂ ಏನಾದರೂ ಹೇಳಬೇಕಾಗಿತ್ತು, ಹೊಳೆಯಲಿಲ್ಲ ಎಂದು ಶುರು ಮಾಡಿದಳು. ತನ್ನ ಅಪ್ಪ ಇಸೊಬೆಯ ಕ್ಷೌರದಂಗಡಿ ಮೀನು ಮಾರ್ಕೆಟ್ಟಿನ ಹಿಂದಿದೆ, ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಮೇಲಿನ ಎರಡು ಕೋಣೆ ಖಾಲಿ ಇವೆ ಎಂದಳು. "ಆದ್ರೆ ನಮ್ಮಪ್ಪನ ಬಾಯಿ ಕೆಟ್ಟದ್ದು. ನಾನೇ ಆತನ ಜೊತೆ ಇರಲಾರದೆ ಬೇರೆ ಮನೆ ಮಾಡಿದ್ದು. ಮುಖಕ್ಕೆ ಹೊಡೆದ ಹಾಗೆ ಏನೇನೋ ಕೇಳ್ತಾನೆ."

"ಮುಖಕ್ಕೇ ಕೇಳಲಿ," ಎಂದಳು ಲಿಗಾಯಾ. "ಬೆನ್ನಿಗೆ ಕೇಳಿಸ್ಕೊಂಡು ಸಾಕಾಗಿದೆ."

ಹೋದಾಗ ಮುದುಕ ಇಸೊಬೆ ಅಂಗಡಿಯ ಹಳೆಯ ಕುರ್ಚಿಯಲ್ಲಿ ತಾನೇ ಕೂತು ರೇಡಿಯೊದಲ್ಲಿ ಸುಮೋ ಕುಸ್ತಿ ಕೇಳುತ್ತಿದ್ದ. ಒಳಗೆಲ್ಲ ಒಣಮೀನಿನ ವಾಸನೆ. ಅವನು ಬಾಯಿ ತೆರೆಯುವ ಮೊದಲೇ ಲಿಗಾಯಾ ನಿಂತಲ್ಲಿಂದಲೇ ಶುರು ಮಾಡಿದಳು. ಇಷ್ಟು ವಾರ ಮನೆ ಹುಡುಕುತ್ತ ತಾನು ಕೇಳಿಸಿಕೊಂಡ ಪ್ರಶ್ನೆಗಳನ್ನೆಲ್ಲ ಅವನಿಗೇ ತಿರುಗಿಸಿ ಕೇಳಿದಳು. ನೀವು ಕುಡಿಯುತ್ತೀರಾ? ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ? ಮನೆಗೆ ಯಾರ್ಯಾರು ಬರುತ್ತಾರೆ? ವಾಸನೆ ಬರುವ ಅಡುಗೆ ಮಾಡುತ್ತೀರಾ? ಕಸ ಬೇರೆ ಮಾಡಿ ಹಾಕಲು ಬರುತ್ತದಾ? ಎಲ್ಲೂ ನಿಲ್ಲಿಸಲಿಲ್ಲ.

ಇಸೊಬೆ ರೇಡಿಯೊ ಸಣ್ಣ ಮಾಡಿದ. ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟ. ಕುಡಿಯುತ್ತೇನೆ, ಮೊದಲಿನಷ್ಟಲ್ಲ. ರಾತ್ರಿ ಎಲ್ಲಿಗೂ ಹೋಗುವುದಿಲ್ಲ, ಮಂಡಿ ನೋವು. ಯಾರೂ ಬರುವುದಿಲ್ಲ, ಮಗಳೂ ಬರುವುದಿಲ್ಲ. ವಾಸನೆ ಮೂಗಿಗೆ ಬಡಿಯುತ್ತಿಲ್ಲವೇ? ಕಸದ ವಿಷಯದಲ್ಲಿ ಪಕ್ಕದವರ ಜೊತೆ ಎರಡು ಸಲ ಜಗಳವಾಗಿದೆ. ಆಮೇಲೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈಗ ನನ್ನ ಸರದಿನಾ?" ಎಂದ.

"ಕೇಳಿ."

"ಬಾರಲ್ಲಿ ಕುಣಿತೀಯಾ?"

"ಇಲ್ಲ. ಕುಣಿದಿದ್ರೆ?"

ಮುದುಕ ಗಲ್ಲ ಕೆರೆದುಕೊಂಡ. "ಕುಣಿದಿದ್ರೆ ತಡವಾಗಿ ಬರ್ತೀಯ, ಮೆಟ್ಟಿಲು ಸದ್ದಾಗುತ್ತೆ. ನನಗೆ ನಿದ್ದೆ ಕಮ್ಮಿ. ಅಷ್ಟೇ."

ಜಾಮೀನಿಗೆ ಯಾರೂ ಇಲ್ಲವೆಂದು ಅವಳೇ ಮೊದಲು ಹೇಳಿಬಿಟ್ಟಳು. ಅವನಿಗೆ ನಗು ಬಂತು. "ಜಾಮೀನು ಯಾತಕ್ಕೆ? ಓಡಿಹೋಗುವಾಗ ಈ ಕುರ್ಚಿ ಹೊತ್ಕೊಂಡು ಹೋಗ್ತೀಯಾ? ಹೋಗು, ನನಗೂ ಜಾಗ ಆಗುತ್ತೆ."

ಹೊಸ ವರ್ಷಕ್ಕೆ ಮುಂಚೆ ಅವಳು ಅಲ್ಲಿಗೆ ಬಂದಳು. ಕೋಣೆಗಳು ಕತ್ತಲು, ಗೋಡೆಯಲ್ಲಿ ತೇವ, ಕಿಟಕಿ ತೆರೆದರೆ ಮಾರ್ಕೆಟ್ಟಿನ ತಗಡಿನ ಮಾಡು. ಇಸೊಬೆ ಒಳ್ಳೆಯ ಮನುಷ್ಯನೇನೂ ಆಗಿರಲಿಲ್ಲ. ಅವಳ ಬೆಳ್ಳುಳ್ಳಿ ಅನ್ನಕ್ಕೆ ಗೊಣಗುತ್ತಿದ್ದ, ಅವಳು ಅವನ ರೇಡಿಯೊಗೆ ಗೊಣಗುತ್ತಿದ್ದಳು. ದಿನಕ್ಕೊಮ್ಮೆಯಾದರೂ ಜಗಳವಾಗುತ್ತಿತ್ತು, ಮುಖಾಮುಖಿ. ವಸಂತದಲ್ಲಿ ತಾಲಾ ಬಂದಳು. ಬಂದ ಮಗಳಿಗೆ ಮುದುಕ ಕೇಳದೆಯೇ ಮುಂಗೂದಲು ಕತ್ತರಿಸಿದ, ಸೊಟ್ಟಗೆ.

ಅದೇ ವಸಂತದಲ್ಲಿ ಗ್ರೇಡಿ ಊರಿಗೆ ಹೊರಟುಹೋದ. ಯಾರಿಗೂ ಹೇಳಿರಲಿಲ್ಲ. ಸಾಕಾಯಿತಂತೆ. ಶಾಲೆಗೆ ಹೋಗುವ ದಾರಿಯಲ್ಲಿ ಲಿಗಾಯಾ ನೋಡಿದಳು: ಮಹಡಿ ಮನೆಯ ಪರದೆಗಳು ಕಾಣೆಯಾಗಿದ್ದವು, ಗಾಜಿನಲ್ಲಿ ಬೆಳಗಿನ ಬಿಸಿಲು. ನಿಶಿಗಾಕಿ ಮೆಟ್ಟಿಲು ಗುಡಿಸುತ್ತಿದ್ದಳು. ನಗುತ್ತ ಶುಭೋದಯ ಹೇಳಿದಳು, ಏನೂ ಆಗಿಲ್ಲವೆಂಬಂತೆ. ಲಿಗಾಯಾ ಉತ್ತರ ಕೊಡದೆ ಮುಂದೆ ನಡೆದಳು.

ಸಂಜೆ ಊಟಕ್ಕೆ ಕೂತು ಮೀನು ಬಿಡಿಸುತ್ತ ಅದನ್ನು ಇಸೊಬೆಗೆ ಹೇಳಿದಳು. ಹಾಗಾದರೆ ಖುಷಿಯಾಯಿತು ತಾನೇ ಎಂದ ಅವನು.

"ಇಲ್ಲ," ಎಂದಳು. "ಆ ಮನೆ ನನಗೆ ಈಗ್ಲೂ ಬೇಕು. ಅವಳ ಮುಖ ಕಂಡ್ರೆ ಆಗಲ್ಲ, ಆದ್ರೂ ಬೇಕು. ಅದಕ್ಕೇ ಉರಿಯೋದು."

ಮುದುಕ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿ, ಅವಳ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದ. ಒಳಗಿನ ಕೋಣೆಯಲ್ಲಿ ತಾಲಾ ಹೊಸ ಭಾಷೆಯ ಅಕ್ಷರಗಳನ್ನು ಗಟ್ಟಿಯಾಗಿ, ತಪ್ಪುತಪ್ಪಾಗಿ ಓದುತ್ತಿದ್ದಳು.