ಅಡ್ಡ ಹೋಗುವವಳು

ನಾನು ಒಂದು ಬೆಕ್ಕು. ಕಪ್ಪು, ಕೆಂಪು, ಬಿಳಿ, ಮೂರೂ ಬಣ್ಣ ಮೈಮೇಲೆ ಹೊತ್ತವಳು. ಮೂರು ಬಣ್ಣದ ಬೆಕ್ಕೆಂದರೆ ಹೆಚ್ಚುಕಡಿಮೆ ಹೆಣ್ಣೇ. ಗಂಡು ಹುಟ್ಟುವುದು ತೀರಾ ಅಪರೂಪ. ಇಷ್ಟೂ ಗೊತ್ತಿಲ್ಲದ ಜನ ನನ್ನನ್ನು "ಏ ಮಗನ" ಎಂದು ಬೈಯುತ್ತಾರೆ. ಬೈಯುವುದಾದರೆ ಸರಿಯಾಗಿ ಬೈಯಲಿ.

ಹುಟ್ಟಿದ್ದು ಗದಗಿನ ಒಂದು ಎಣ್ಣೆ ಗಿರಣಿಯಲ್ಲಿ, ಶೇಂಗಾ ಚೀಲಗಳ ಸಂದಿಯಲ್ಲಿ. ಅವ್ವನ ಹಾಲು ಬಿಡುವ ಮೊದಲೇ ಫಕೀರಪ್ಪನೆಂಬ ಲಾರಿ ಡ್ರೈವರ್ ನನ್ನನ್ನು ಗೋಣಿಚೀಲಕ್ಕೆ ತುರುಕಿ ಹುಬ್ಬಳ್ಳಿಯ ಗ್ಯಾರೇಜಿಗೆ ತಂದ. ಅಲ್ಲಿ ಇಲಿಗಳು ಲಾರಿಗಳ ವೈರು ಕಡಿದು ಹಾಕುತ್ತಿದ್ದವು. ನಾನು ಬೆಳೆದು ಅವುಗಳ ಹುಟ್ಟಡಗಿಸಿದೆ. ಸಿಕ್ಕ ಮರ್ಯಾದೆ ಏನು? ದೇವರ ಪಟದಲ್ಲಿ ಕೂತ ಇಲಿಗೆ ಊದಿನಕಡ್ಡಿ, ಲಾರಿಗೆ ಅಡ್ಡ ಬಂದ ನನಗೆ "ಥೂ!" ಫಕೀರಪ್ಪನಂತೂ ನಾನು ಎದುರಿಗೆ ಹಾದರೆ ಎಂಜಿನ್ ಬಂದ್ ಮಾಡಿ, ಕೆಳಗಿಳಿದು ಉಗುಳಿ, ಒಂದೊಂದು ಗಾಲಿಗೂ ಹೊಸ ನಿಂಬೆಹಣ್ಣು ಇಟ್ಟ ಮೇಲೆಯೇ ಹೊರಡುವವನು. ಕೆಲಸಕ್ಕೆ ಬೇಕು, ಕಣ್ಣೆದುರಿಗೆ ಬೇಡ. ಹೊಟ್ಟೆ ಉರಿಯದೆ ಇರುತ್ತದೆಯೇ?

ಗೇಟಿನ ಪಕ್ಕದಲ್ಲಿ ಚಹಾದಂಗಡಿ ಇಟ್ಟಿದ್ದ ಶಂಕ್ರವ್ವ ಒಬ್ಬಳೇ ಹಾಲು ಹಾಕುತ್ತಿದ್ದಳು. "ಸಕ್ರಿ ಹಾಕೀನಿ, ಕುಡಿ ನನ್ನವ್ವ" ಎನ್ನುತ್ತಿದ್ದಳು. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಆದರೂ ಅವಳ ಮುಖ ನೋಡಿ ಬಟ್ಟಲು ನೆಕ್ಕಿ ಮುಗಿಸುತ್ತಿದ್ದೆ.

ಹಳೆಯ ಟೈರಿನೊಳಗೆ ಮರಿ ಹಾಕಿದೆ. ಉಳಿದದ್ದು ಒಂದೇ, ಅಚ್ಚ ಬಿಳುಪು, ಎರಡೂ ಕಣ್ಣು ನೀಲಿ. ಅಂಥ ಮರಿಗಳು ಎಷ್ಟೋ ಸಲ ಕಿವುಡಾಗಿಯೇ ಹುಟ್ಟುತ್ತವೆ. ಬೆನ್ನ ಹಿಂದಿನಿಂದ ಕರೆದರೆ ಇದೂ ತಿರುಗುತ್ತಿರಲಿಲ್ಲ. ನನ್ನ ಎದೆ ಒಡೆದುಹೋಯಿತು.

ಫಕೀರಪ್ಪನಿಗೆ ಮಾತ್ರ ಅದು ಹಬ್ಬವಾಯಿತು. ಹಾರ್ನ್ ಹೊಡೆದರೆ ಗ್ಯಾರೇಜಿನ ನಾಯಿಗಳೆಲ್ಲ ದಿಕ್ಕಾಪಾಲು, ನನ್ನ ಮರಿ ಮಾತ್ರ ಕೂತಲ್ಲೇ ಮೀಸೆ ತಿಕ್ಕುತ್ತಿತ್ತು. "ನೋಡ್ರಲೇ, ಎದಿ ಅಂದ್ರ ಇದು! ಲಾರಿಗೂ ಅಂಜಂಗಿಲ್ಲ!" ಎಂದು ಸರದಾರ ಎಂಬ ಹೆಸರಿಟ್ಟ. ಬಂದವರ ಮುಂದೆಲ್ಲ ಅದರ ಕಿವಿಯ ಬಳಿ ಹಾರ್ನ್ ಬಾರಿಸಿ ತೋರಿಸುವುದು, ಅವರು ಚಪ್ಪಾಳೆ ತಟ್ಟುವುದು. ಮೂರ್ಖರು! ಧೈರ್ಯಕ್ಕೂ ಕಿವುಡಿಗೂ ವ್ಯತ್ಯಾಸ ತಿಳಿಯದವರು.

ಒಂದು ಮುಂಜಾನೆ ಸರದಾರ ಫಕೀರಪ್ಪನ ಲಾರಿಯ ಹಿಂದಿನ ಗಾಲಿಗೆ ಒತ್ತಿಕೊಂಡು ಮಲಗಿದ್ದ. ಫಕೀರಪ್ಪ ಹತ್ತಿ ಕೂತು, ಗ್ಯಾರೇಜಿನ ಪದ್ಧತಿಯಂತೆ ಹಾರ್ನ್ ಹೊಡೆದ. ಕೆಳಗಿದ್ದ ಪ್ರಾಣಿಗಳೆಲ್ಲ ಓಡಿದವು. ಸರದಾರ ಏಳಲಿಲ್ಲ. ಓಡಿ ಹೋಗಿ ಕುತ್ತಿಗೆ ಕಚ್ಚಿ ಎಳೆದೆ. ಬೆಳೆದ ಮಗ, ಆಟವೆಂದುಕೊಂಡು ಮಗ್ಗುಲು ಬದಲಿಸಿದ. ಗೇರ್ ಬಿದ್ದ ಸದ್ದಾಯಿತು. ನನಗೆ ಉಳಿದದ್ದು ಒಂದೇ ದಾರಿ. ಮುಂದಕ್ಕೆ ನೆಗೆದು ಲಾರಿಗೆ ಅಡ್ಡ ಓಡಿದೆ.

ಬ್ರೇಕು ಕಿರುಚಿತು. "ಹಡಬಿಟ್ಟಿ ಬೆಕ್ಕು! ಹೊಂಡೂ ಹೊತ್ತಿಗೇ ಬರಬೇಕಾ?" ಎಂದು ಕೆಳಗಿಳಿದವನು ನಟ್ಟು ಬಿಚ್ಚುವ ಪಾನಾ ಬೀಸಿ ಒಗೆದ. ಕಬ್ಬಿಣ ನನ್ನ ಹಿಂಗಾಲಿಗೆ ಬಡಿಯಿತು. ಉಗುಳಿದ. ನಿಂಬೆಹಣ್ಣು ಇಡುತ್ತ ಹಿಂದಿನ ಗಾಲಿಗೆ ಬಗ್ಗಿದವನು ಅಲ್ಲೇ ಕಲ್ಲಾದ. ನನ್ನ ಮಗನನ್ನು ಎದೆಗವಚಿಕೊಂಡು ಎದ್ದ.

"ನಿಂಬಿಹಣ್ಣ ಕಾಯ್ತು ನೋಡಬೇ!" ಎಂದು ಓಡಿಬಂದ ಶಂಕ್ರವ್ವನಿಗೆ ತೋರಿಸಿದ.

ಶಂಕ್ರವ್ವ ಸರದಾರನ ಹಿಂದೆ ತಟ್ಟೆ ಬಡಿದು ನೋಡಿದಳು. "ಇದಕ್ಕ ಕಿವಿ ಕೇಳಂಗಿಲ್ಲೋ, ಹುಚ್ಚಪ್ಪ."

"ಸುಮ್ನಿರು. ಹುಲಿಗೆ ಕಿವುಡು ಅಂತಿಯಲ್ಲ!"

ಶಂಕ್ರವ್ವ ನನ್ನ ಮುರಿದ ಕಾಲಿಗೆ ಅರಿಸಿನ ಮೆತ್ತಿದಳು. ನೋವು ತಡೆಯಲಾರದೆ ಗುರುಗುಟ್ಟಿದೆ. ನಾವು ಸುಖಕ್ಕಷ್ಟೇ ಅಲ್ಲ, ಸಂಕಟಕ್ಕೂ ಗುರುಗುಡುತ್ತೇವೆ. "ಎಷ್ಟ ಖುಷಿ ನೋಡು ಇದಕ್ಕ" ಎಂದಳು ಆ ಪುಣ್ಯಾತ್ಗಿತ್ತಿ. ಅವಳ ಮೇಲೂ ಸಿಟ್ಟು ಬಂತು.

ಈಗ ಮುದುಕಿಯಾಗಿದ್ದೇನೆ. ಶಂಕ್ರವ್ವನ ಒಲೆಯ ಹಿಂದಿನ ಮೂಲೆಯೇ ನನ್ನ ಮನೆ. ಕುಂಟು ಕಾಲು ಚಳಿಗೆ ಸೆಟೆಯುತ್ತದೆ. ಸರದಾರ ಇಂದಿಗೂ ಗಾಲಿಗಳ ಕೆಳಗೇ ಮಲಗುತ್ತಾನೆ, ಅವರು ಇಂದಿಗೂ ಹಾರ್ನ್ ಹೊಡೆದು ನಗುತ್ತಾರೆ. ಎಂಜಿನ್ ಸದ್ದು ಕೇಳಿದ ಕೂಡಲೇ ನಾನು ಏಳುತ್ತೇನೆ. ಕುಂಟುತ್ತ ಹೋಗಿ ಒಂದೊಂದು ಲಾರಿಗೂ ಬೇಕೆಂದೇ ಅಡ್ಡ ಹಾಯುತ್ತೇನೆ. ದರಿದ್ರದ್ದು ಎನ್ನುತ್ತಾರೆ. ಅನ್ನಲಿ. ಉಗುಳುತ್ತಾರೆ. ಉಗುಳಲಿ. ಉಗುಳುವುದಕ್ಕಾದರೂ ಕೆಳಗಿಳಿಯಬೇಕಲ್ಲ.