ಹಳದಿ ಬಳಿದ ಅಡುಗೆಮನೆ

ಭಾನುವಾರ ಬೆಳಿಗ್ಗೆ ಚಕ್ರಕ್ಕ ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸಿದಳು. ಆರಿಸಿದ ಒಲೆಯ ಮುಂದೆ ಮೂರು ಸಲ ಹೋಗಿ ನಿಂತಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ನಾದಿನಿ ಇಟ್ಟ ಹೆಸರು ಬೀದಿಗೆಲ್ಲ ಹಬ್ಬಿ, ನಿಜವಾದ ಹೆಸರು ಆಫೀಸಿನ ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಆದರೆ ಇವತ್ತಿನ ಓಡಾಟ ಕೆಲಸದ್ದಲ್ಲ, ಎದೆಯ ಢವಢವದ್ದು.

ಚಪ್ಪಲಿ ಅಂಗಡಿಯ ಮಹಡಿಯಲ್ಲಿರುವ ಹೆಂಗಸರ ಕಲಾಕೂಟದವರು ಊರಿನ ವಾಚನಾಲಯದಲ್ಲಿ ಪ್ರದರ್ಶನ ಇಟ್ಟಿದ್ದರು. ಒಂದು ತಿಂಗಳ ಶನಿವಾರಗಳಲ್ಲಿ ಇಪ್ಪತ್ತು ಹೆಂಗಸರು ತಮ್ಮ ತಮ್ಮ ಮನೆಯ ನಕ್ಷೆ ಬರೆದಿದ್ದರು. ಮನೆಯೊಳಗೆ ತನಗಾಗಿ ತಾನು ಕೂರುವ ಜಾಗಕ್ಕೆ ಹಳದಿ ಹಚ್ಚಬೇಕು, ಅಷ್ಟೇ. ಹನ್ನೊಂದು ವರ್ಷದಿಂದ ಇಂಜಿನಿಯರ್ ಆಫೀಸಿನಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಚಕ್ರಕ್ಕನಿಗೆ ಗೋಡೆಯ ದಪ್ಪ, ಬಾಗಿಲು ತೆರೆಯುವ ದಿಕ್ಕು ಎಲ್ಲ ಅಂಗೈಯ ಗೆರೆ. ಬಣ್ಣ ಅದ್ದಿದ ಕುಂಚ ಮಾತ್ರ ಕೋಣೆಯಿಂದ ಕೋಣೆಗೆ ಅಲೆದು ಅಲೆದು ಒಣಗಿತು. ಯಾವ ಕೋಣೆಗೂ ಹಚ್ಚದೆ ಹಾಗೇ ಹಾಳೆ ಕೊಟ್ಟು ಬಂದಿದ್ದಳು. ಮನೆಯಲ್ಲಿ ‘ಒಂದು ಚಿತ್ರ ಬರೆದೆ’ ಎಂದಿದ್ದಳೇ ಹೊರತು ಏನು ಎಂತು ಎಂದು ಬಾಯಿಬಿಟ್ಟಿರಲಿಲ್ಲ.

“ನೀವ್ಯಾಕೆ ಸುಮ್ನೆ ಬರೋದು? ರಜಾ ದಿನ, ಮಲಗಿ,” ಎಂದಳು.

ಗಂಡ ಗೋಡೆಗೆ ಬಣ್ಣ ಬಳಿಯುವ ಪೇಂಟರ್. “ಚೆನ್ನಾಗಿದೆ! ಮೂವತ್ತು ವರ್ಷ ಬಳಿದ್ರೂ ನನ್ನ ಗೋಡೆಗೆ ಒಬ್ರೂ ಚಪ್ಪಾಳೆ ತಟ್ಟಿಲ್ಲ. ನೀನು ಒಂದು ಹಾಳೆ ಬಳಿದು ಹಾಲ್‌ನಲ್ಲಿ ತೂಗುಹಾಕಿಸ್ಕೊಂಡಿದೀಯ. ನೋಡ್ದೆ ಇರ್ತೀನಾ?” ಎಂದು ಇಸ್ತ್ರಿ ಅಂಗಿ ತೊಟ್ಟ.

ನಾಲ್ಕು ಜನರ ಮುಂದೆ ಈ ಮನುಷ್ಯನ ಮುಖ ಸಣ್ಣದಾದರೆ? ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ.

ವಾಚನಾಲಯದ ಬಾಗಿಲಲ್ಲೇ ‘ಹಳದಿ: ನಾನು ಕೂರುವ ಜಾಗ’ ಎಂದು ಫಲಕ ಇತ್ತು. ಒಳಗೆ ಹಾಲ್‌ನಲ್ಲಿ ಅವಳ ನಕ್ಷೆ ಕಿಟಕಿಯ ಪಕ್ಕ ತೂಗುತ್ತಿತ್ತು. ಅದರ ಅಡುಗೆಮನೆ ಗೋಡೆಯಿಂದ ಗೋಡೆಗೆ ಹಳದಿ!

“ಆಹಾ, ಅಡುಗೆಮನೆ ಮಹಾರಾಣಿ!” ಗಂಡ ಅಕ್ಕಪಕ್ಕದವರಿಗೆ ಕೇಳುವಂತೆ ನಕ್ಕ. “ನಮ್ಮನೇದೇ ಇದು. ಅಚ್ಚು ಹೊಡೆದ ಹಾಗಿದೆ.”

ಬದುಕಿದೆಯಾ ಬಡಜೀವವೇ ಎನ್ನಿಸಿತು ಅವಳಿಗೆ. ಇನ್ನು ತೆಪ್ಪಗೆ ಮನೆಗೆ ಹೋಗಬಹುದು. ಆದರೆ ಕಾಲು ಕದಲಲಿಲ್ಲ. ಕಥೆಯ ರಾಜಕುಮಾರಿ ಬಾಗಿಲಲ್ಲಿ ಕಾಯುತ್ತಿರುವಾಗ, ಅವಳ ಉಡುಪು ತೊಟ್ಟ ಇನ್ನಾರೋ ಸಿಂಹಾಸನದಲ್ಲಿ ಕುಳಿತಂತೆ ಆ ಹಳದಿ ಅವಳ ಮನೆಯಲ್ಲಿ ಕುಳಿತಿತ್ತು.

ಕಲಾಕೂಟದ ಕನ್ನಡಕದ ಹುಡುಗಿ ಓಡಿ ಬಂದಳು. “ಅಕ್ಕಾ, ಅವಸರದಲ್ಲಿ ಬಣ್ಣ ಹಚ್ಚೋದೇ ಮರೆತಿದ್ರಿ! ಖಾಲಿ ಇದ್ರೆ ಚೆನ್ನಾಗಿರಲ್ಲ ಅಂತ ನಾನೇ ತುಂಬಿಸ್ದೆ.”

“ಮರೆತಿರ್ಲಿಲ್ಲ ಕಣಮ್ಮ. ಕೂರೋ ಜಾಗಕ್ಕೆ ಹಚ್ಚಿ ಅಂತ ನೀವೇ ಹೇಳಿದ್ದು. ಅಡುಗೆಮನೇಲಿ ನಾನು ನಿಂತೇ ಇರ್ತೀನಿ.”

ಹುಡುಗಿಯ ಮುಖ ಕೆಂಪಾಯಿತು. “ಅಯ್ಯೋ... ನಾನೇ ನಿಮ್ಮನ್ನ ಅಡುಗೆಮನೆಗೆ ತಳ್ಳಿಬಿಟ್ನಾ?”

“ಏನೇ ಇದು?” ಗಂಡ ದನಿ ತಗ್ಗಿಸಿದ. “ಮನೆಯೆಲ್ಲಾ ನಿಂದೇ ಅಲ್ವಾ? ಕೂರಬೇಡ ಅಂದೋರು ಯಾರು?”

“ಯಾರೂ ಅಂದಿಲ್ಲ. ಎಲ್ಲಿ ಕೂರ್ಲಿ, ನೀವೇ ತೋರಿಸಿ.”

ಅವನ ಬೆರಳು ನಕ್ಷೆಯಲ್ಲಿದ್ದ ಕುರ್ಚಿಯ ಮೇಲೆ ನಿಂತಿತು.

“ಅಲ್ಲಿ ನೀವು.”

ಕಿಟಕಿ ಪಕ್ಕದ ಮಂಚಕ್ಕೆ ಹೋಯಿತು.

“ಅಲ್ಲಿ ಅತ್ತೆ.”

ಮೇಜಿನತ್ತ ಹೋದ ಬೆರಳು ಮಕ್ಕಳ ಪುಸ್ತಕ ನೆನಪಾಗಿ ತಾನೇ ಹಿಂದೆ ಸರಿಯಿತು. ಮಹಡಿ ಮೆಟ್ಟಿಲು, ಬಚ್ಚಲು, ಹಿತ್ತಿಲ ಬಾಗಿಲು ಎಲ್ಲ ದಾಟಿ ಹಾಳೆಯ ಅಂಚಿಗೆ ಬಂದು ನಿಂತಿತು.

“ದಿನವೆಲ್ಲಾ ಏಣಿ ಮೇಲೆ ನಿಂತು ಬರ್ತೀನಿ ಕಣೇ. ಬಂದು ಒಂದು ಗಳಿಗೆ ಕೂತ್ರೆ ತಪ್ಪಾ?”

“ತಪ್ಪು ಅಂದ್ನಾ? ಅದಕ್ಕೇ ಕುರ್ಚಿ ಬರೆದಿದೀನಿ.”

ಚಕ್ರಕ್ಕ ಹುಡುಗಿಯ ಕಡೆ ತಿರುಗಿದಳು. “ಬಿಳಿ ಬಣ್ಣ ಇದ್ರೆ ಕೊಡಮ್ಮ.”

ಡಬ್ಬಿ, ಕುಂಚ ಬಂದವು. ಜನ ಸುತ್ತ ಸೇರಿದರು. ಅವಳು ಅಡುಗೆಮನೆಯ ಮೇಲೆ ಬಳಿದಳು. ಬಿಳಿಯ ಕೆಳಗಿಂದ ಹಳದಿ ಮಂಕಾಗಿ ಇಣುಕಿತು. ಇನ್ನೊಮ್ಮೆ ಕುಂಚ ಅದ್ದಿದಳು.

“ತಡಿ,” ಎಂದ ಗಂಡ.

ಅವಳ ಕೈ ಅಲ್ಲೇ ನಿಂತಿತು.

“ಹಸಿ ಮೇಲೆ ಬಳಿದ್ರೆ ಕಿತ್ಕೊಂಡು ಬರುತ್ತೆ. ಒಣಗ್ಲಿ.” ಅವನು ಬಗ್ಗಿ ಹಾಳೆಗೆ ಉಫ್ ಉಫ್ ಎಂದು ಊದಿದ. ಊದುತ್ತಾ ಊದುತ್ತಾ ನಕ್ಷೆಯನ್ನೇ ನೋಡುತ್ತಿದ್ದ. ಆಮೇಲೆ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಎದೆಯ ಮಟ್ಟಕ್ಕೆ ಹಿಡಿದ. “ಈಗ ಹೊಡಿ. ಅಂಚಿಗೆ ಸರಿಯಾಗಿ ತಗೋ, ಒಂಚೂರೂ ಹಳದಿ ಉಳೀಬಾರ್ದು.”

ಎರಡನೆಯ ಸಲಕ್ಕೆ ಅಡುಗೆಮನೆ ಖಾಲಿಯಾಯಿತು.

ಎರಡು ಹಾಳೆ ಆಚೆ ನಿಂತಿದ್ದ ಬ್ಯಾಂಕಿನ ಗುಮಾಸ್ತೆ ತನ್ನ ನಕ್ಷೆಯನ್ನು ದಾರದಿಂದ ಬಿಚ್ಚಿಕೊಂಡು ಬಂದಳು. ಅದರಲ್ಲೂ ಅಡುಗೆಮನೆಯೇ ಹಳದಿ, ಅವಳೇ ಹಚ್ಚಿದ್ದು. “ಅಣ್ಣಾ, ಆ ಡಬ್ಬಿ ಸ್ವಲ್ಪ ಈ ಕಡೆ ಕೊಡ್ತೀರಾ?” ಎಂದಳು.

ಪೇಂಟರ್ ಡಬ್ಬಿಯೊಳಗೆ ಇಣುಕಿದ. ಗುಮಾಸ್ತೆಯ ಹಿಂದೆ ಇನ್ನೂ ಮೂವರು ಹಾಳೆ ಹಿಡಿದು ನಿಂತಿದ್ದರು.

“ಇದು ಸಾಲಲ್ಲಮ್ಮ,” ಎಂದ ಹುಡುಗಿಗೆ. “ದೊಡ್ಡ ಡಬ್ಬಿ ಇದ್ರೆ ತಗೊಂಡ್ಬಾ.”